ಏಟು ಮೊದಲು, ಸದ್ದು ಆಮೇಲೆ

ಮೇಡಂ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಕೂದಲು ಮೆಕ್ಕೆಜೋಳದ ತೆನೆಯ ಜುಟ್ಟಿನಂತೆ ಒಣಗಿ, ಕೆಂಚಾಗಿ, ಎಷ್ಟು ಬಾಚಿದರೂ ಎದ್ದು ನಿಲ್ಲುತ್ತಿತ್ತು. ಶೆಡ್ಡಿಗೆ ಬಂದ ಕೂಡಲೇ ಅದನ್ನೆಲ್ಲ ಒಂದು ಬಿಳಿ ಬಟ್ಟೆಯೊಳಗೆ ತುರುಕಿ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು.

"ಎಣ್ಣೆ ಅಂದ್ರೆ ನಮ್ಮ ತಂತಿಗೆ ವಿಷ ಇದ್ದಂಗೆ ಅಣ್ಣಾರೇ. ನೀವೂ ತಲೆಗೆ ಹಚ್ಚೋದು ಬಿಡ್ರಿ," ಎಂದರು ಮೊದಲ ದಿನವೇ.

ನಾನು ಟೋಪಿ ತೆಗೆದು ಬೋಳು ತಲೆ ತೋರಿಸಿದೆ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಂದಿನಿಂದ ನನ್ನನ್ನು ಅಣ್ಣಾರೇ ಎಂದೇ ಕರೆದರು. ಕೊನೆಯವರೆಗೂ ಕರೆದರು.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಹರೆಯವೆಲ್ಲ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಹರಿದ ನೂಲಿಗೆ ಗಂಟು ಹಾಕುತ್ತ ಕಳೆಯಿತು. ಗಿರಣಿ ಮುಚ್ಚಿದ ಮೇಲೆ ಊರ ಪಕ್ಕದ ಕರೂರು ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡುಗಳ ಕಾವಲು ಕಾಯುತ್ತಿದ್ದೆ. ಮೇಡಂ ಊರು ಹರಿಹರ. ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ದೂರದಲ್ಲೆಲ್ಲೋ ನಡೆಯಲಿದ್ದ ಒಂದು ದೊಡ್ಡ ಪ್ರಯೋಗಕ್ಕೆ ಡ್ರಿಫ್ಟ್ ಚೇಂಬರ್ ಎಂಬ ಪೆಟ್ಟಿಗೆಗಳು ಬೇಕಿದ್ದವು. ಅವುಗಳಲ್ಲಿ ಕೆಲವನ್ನು ಕಟ್ಟಿ, ಪರೀಕ್ಷಿಸಿ ಕಳಿಸುವ ಹೊಣೆ ಮೇಡಂ ಹೊತ್ತಿದ್ದರು. ಅದಕ್ಕಾಗಿ ಕರೂರಿನಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದರು.

"ನೂಲು ಹಿಡಿದ ಕೈ ಅಂತೆ ನಿಮ್ದು. ನನ್ನ ತಂತಿ ಹಿಡೀತೀರೇನು?" ಎಂದು ಕೇಳಿದರು. ಹೀಗೆ ಕಾವಲಿನವನು ತಂತಿ ಕಟ್ಟುವವನೂ ಆದೆ.

ತಂತಿ ಕೂದಲಿಗಿಂತ ತೆಳು, ಮೇಲೆ ಚಿನ್ನದ ಲೇಪ. ಬೆಳಕಿಗೆ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಸಾಲಾಗಿ ಬಿಗಿದು, ಮುಚ್ಚಳ ಹಾಕಿ, ಆರ್ಗಾನ್ ಅನಿಲ ಹರಿಸಿ ಕರೆಂಟು ಕೊಡುತ್ತಿದ್ದೆವು. ಪಕ್ಕದ ಶೆಡ್ಡಿನವರಿಗೆ ಇದು ತಮಾಷೆ. "ಅಣ್ಣಾರ, ಡಬ್ಬಿಗೆ ಗಾಳಿ ತುಂಬಾಕೆ ಪಗಾರ ಕೊಡ್ತಾರೇನು? ನಮ್ಮ ಪಂಕ್ಚರ್ ಅಂಗಡಿಯವ ಪುಕ್ಕಟೆ ತುಂಬ್ತಾನೆ!" ಎಂದು ಕಾಡುತ್ತಿದ್ದರು.

ಇದೆಲ್ಲ ಯಾಕೆ ಎಂದು ನಾನೂ ಒಮ್ಮೆ ಕೇಳಿದೆ. ಹರಿಹರದ ಅವರ ಮನೆಗೆ ಸಾಮಾನು ಕೊಡಲು ಹೋಗಿದ್ದ ದಿನ. ಹೊಳೆ ದಂಡೆಗೆ ಕರೆದುಕೊಂಡು ಹೋದರು. ಆಚೆ ದಡದಲ್ಲಿ ಒಬ್ಬ ಮಡಿವಾಳ ಬಟ್ಟೆ ಒಗೆಯುತ್ತಿದ್ದ.

"ನೋಡ್ರಿ, ಬಟ್ಟೆ ಕಲ್ಲಿಗೆ ಬಿತ್ತು. ಸದ್ದು ಬಂತೇನು?"

ಬಟ್ಟೆ ಬಿದ್ದದ್ದು ಕಂಡಿತು. ಅವನು ಮತ್ತೆ ಕೈ ಎತ್ತುವಾಗ 'ಧಪ್' ಎಂಬುದು ಕೇಳಿತು.

"ಏಟು ಮೊದಲು, ಸದ್ದು ಆಮೇಲೆ. ನಡುವೆ ಎಷ್ಟು ಹೊತ್ತು ಹಿಡೀತು ಅಂತ ಅಳೆದ್ರೆ ಅವ ಎಷ್ಟು ದೂರ ನಿಂತಾನೆ ಅಂತ ಹೇಳಬೋದು. ನಮ್ಮ ಪೆಟ್ಟಿಗೆ ಮಾಡೋದೂ ಅಷ್ಟೇ ಅಣ್ಣಾರೇ. ಕಣ್ಣಿಗೆ ಕಾಣದ ಒಂದು ಕಣ ಅದರೊಳಗೆ ಹಾದು ಹೋಗ್ತೈತೆ. ಆ ಏಟಿನ ಸದ್ದು ಒಂಚೂರು ತಡವಾಗಿ ತಂತಿಗೆ ಮುಟ್ಟತೈತೆ. ಆ ತಡ ನೋಡಿ, ಕಣ ಎಲ್ಲಿ ಹಾದು ಹೋತು ಅಂತ ಹೇಳ್ತೀವಿ."

ಆ ಸದ್ದು ಎಷ್ಟು ವೇಗವಾಗಿ ಬರುತ್ತದೆ ಎಂದು ಪ್ರತಿ ಪೆಟ್ಟಿಗೆಗೂ ಬೇರೆಬೇರೆಯಾಗಿ ಅಳೆದು ಖಾತ್ರಿ ಮಾಡಬೇಕು. ಅದಕ್ಕೆ ಬೇಕಾದ ಕಣಗಳು ಆಕಾಶದಿಂದ ತಾವೇ ಬರುತ್ತವಂತೆ, ನಮ್ಮ ಮೈಯೊಳಗಿಂದಲೂ ಹಾದು ಹೋಗುತ್ತವಂತೆ. ಅವುಗಳಿಗಾಗಿ ಮೇಡಂ ದಿನಗಟ್ಟಲೆ ಕಾಯುತ್ತಿದ್ದರು. ನಾನು ಚಡಪಡಿಸಿದರೆ, "ಕರೆದ್ರೆ ಬರೋವಲ್ಲ ಅವು. ಬಾಗಿಲು ತೆಗೆದು ಕುಂತಿರಬೇಕು," ಎನ್ನುತ್ತಿದ್ದರು. ಕಂಪ್ಯೂಟರಿನಲ್ಲಿ ಚುಕ್ಕಿಗಳು ಕೂಡಿ ಕೂಡಿ ಕೊನೆಗೆ ಒಂದು ನುಣುಪಾದ ಗೆರೆಯಾಗುತ್ತಿತ್ತು. ಆಗ ಪೆಟ್ಟಿಗೆಯ ಬೆನ್ನು ತಟ್ಟಿ, "ಮಾತು ಕಲಿತು," ಎನ್ನುತ್ತಿದ್ದರು. ಮಕ್ಕಳಿಲ್ಲದ ಹೆಂಗಸು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಗುರುವಾರ ಗುರುವಾರ ಲೋಬಾನದ ಬಾಬಾ ಬರುತ್ತಿದ್ದ. ಕೆಂಡದ ಬಟ್ಟಲಿಗೆ ಲೋಬಾನ ಉದುರಿಸಿ, ನವಿಲುಗರಿಯಿಂದ ಹೊಗೆ ಬೀಸುತ್ತ ಶೆಡ್ಡಿನಿಂದ ಶೆಡ್ಡಿಗೆ ಹೋಗುವ ಮುದುಕ ಫಕೀರ. ಎಲ್ಲರೂ ಅವನನ್ನು ಒಳಗೆ ಕರೆಯುತ್ತಿದ್ದರು. ನಮ್ಮಲ್ಲಿ ಮಾತ್ರ ಮೇಡಂ ಗೇಟಿನವರೆಗೆ ಓಡಿ ಹೋಗಿ, "ಬಾಬಾ, ಅಲ್ಲೇ ನಿಂದ್ರಿ!" ಎಂದು ಕೂಗಿ ಚಹಾ ಕೊಡುತ್ತಿದ್ದರು.

"ನನ್ನ ಹೊಗೆಗೆ ದೆವ್ವ ಓಡ್ತಾವೆ. ನಿನ್ನ ಕಣ ಓಡಲ್ಲೇನು ಬೇಟಿ?"

"ಕಣ ಓಡಲ್ಲ ಬಾಬಾ, ನಾನೇ ಓಡ್ತೀನಿ."

ಬಾಬಾ ಎಂದೂ ಗೇಟು ದಾಟಲಿಲ್ಲ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ನಾನು. ಗೇಟಿನಲ್ಲಿ ಕೂರುತ್ತಿದ್ದವನೇ ನಾನು.

ಆಯುಧ ಪೂಜೆ ಬಂತು. ಮೇಡಂ ಬಾಗಿಲಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಹೊರಗೇ ಒಡೆಸಿ, ಒಳಗೆ ಏನೂ ಬೇಡವೆಂದು ಹೇಳಿ ಹರಿಹರಕ್ಕೆ ಹೋದರು. ನನಗೆ ಸಮಾಧಾನವಾಗಲಿಲ್ಲ. ನಮ್ಮ ಗಿರಣಿಯಲ್ಲಿ ಗಲಾಟೆಯಾಗಿ ಆಯುಧ ಪೂಜೆ ತಪ್ಪಿದ ವರ್ಷವೇ ಗಿರಣಿ ಮುಚ್ಚಿತ್ತು. ಈ ಪೆಟ್ಟಿಗೆಗಳಿಗೆ ಹಾಗಾಗಬಾರದು ಎನಿಸಿತು. ಕೀಲಿ ನನ್ನ ಬಳಿಯೇ ಇತ್ತು. ಉಳಿದ ಪೆಟ್ಟಿಗೆಗಳೆಲ್ಲ ಮುಚ್ಚಿ ಸಿದ್ಧವಾಗಿದ್ದವು. ಒಂದು ಮಾತ್ರ ತಂತಿ ಬದಲಿಸಲೆಂದು ತೆರೆದಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ನೀರೆರೆದು ತಂದ ಮಗುವಿನ ಮೈಗೆ ಸಾಂಬ್ರಾಣಿ ಹೊಗೆ ಹಿಡಿಯುವುದಿಲ್ಲವೇ, ಹಾಗೆ ಪ್ಲಾಸ್ಟಿಕ್ ಸರಿಸಿ ಧೂಪ ಹಿಡಿದೆ. ಕಣ್ಣು ಮುಚ್ಚಿ, ಇವು ಸುಖವಾಗಿ ಊರು ಮುಟ್ಟಲಿ ಎಂದು ಬೇಡಿಕೊಂಡೆ.

ಮುಚ್ಚಿ ಕರೆಂಟು ಕೊಟ್ಟ ಸ್ವಲ್ಪ ದಿನಗಳಲ್ಲಿ ಆ ಪೆಟ್ಟಿಗೆ ಕೆಟ್ಟಿತು. ಕಣ ಬಾರದಿದ್ದರೂ ಬಂತೆಂದು ಕೂಗುತ್ತಿತ್ತು. ಗೆರೆ ಸೊಟ್ಟಗಾಯಿತು. ಮೇಡಂ ಅನಿಲ ಬದಲಿಸಿದರು, ಕೊಳವೆ ಬದಲಿಸಿದರು, ತಮ್ಮ ಲೆಕ್ಕವೇ ತಪ್ಪೆಂದು ಊಟ ಬಿಟ್ಟು ಕೂತರು. ಕೊನೆಗೆ ಪೆಟ್ಟಿಗೆ ಬಿಚ್ಚಿ ತಂತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆ ಎತ್ತಿದರು.

"ಅಂಟು ಹಿಡಿದೈತೆ. ಹೊಗೆ ಅಂಟು. ಅಣ್ಣಾರೇ, ಒಳಗೆ ಹೊಗೆ ಹೆಂಗೆ ಬಂತು?"

ಆ ಗಳಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಗೊತ್ತಾಯಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಗುರುವಾರ ಆ ಬಾಬಾ ಬರ್ತಾನಲ್ರಿ. ನೀವು ಚಹಾ ಕೊಟ್ಟು ಕಾಲೇಜಿಗೆ ಹೋದಮ್ಯಾಲೆ, ಬ್ಯಾಡ ಅಂದ್ರೂ ಒಳಗೆ ನುಗ್ಗಿಬಿಡ್ತಾನೆ."

"ಪ್ರತಿ ಗುರುವಾರನಾ?"

"ಹೂಂ ರೀ."

ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತರು. "ಹಂಗಾದ್ರೆ ಎಲ್ಲಾ ಹೋದ್ವು. ಒಂದೇ ದಿನ, ಒಂದೇ ಪೆಟ್ಟಿಗೆ ಆಗಿದ್ರೆ ಅದೊಂದನ್ನ ತೆಗೆದು ಹಾಕ್ತಿದ್ದೆ. ಪ್ರತಿ ವಾರ ಅಂದ್ರೆ ಒಂದೊಂದೂ ತೆರೆದಿದ್ದಾಗ ಹೊಗೆ ಕುಡಿದಾವೆ."

ಆಗಲಾದರೂ ಹೇಳಬಹುದಿತ್ತು. ಎರಡೇ ಮಾತು. ಅಣ್ಣಾರೇ ಎನ್ನುವ ಆ ಬಾಯಲ್ಲಿ ಇನ್ನೊಂದು ಮಾತು ಕೇಳಬೇಕಾದೀತೆಂಬ ಹೆದರಿಕೆ.

ಮುಂದಿನ ಗುರುವಾರ ಬಾಬಾ ಬಂದಾಗ ಮೇಡಂ ಚಹಾ ಒಯ್ಯಲಿಲ್ಲ. ಅಕ್ಕಪಕ್ಕದ ಶೆಡ್ಡಿನವರೆಲ್ಲ ನೋಡುತ್ತಿರುವಂತೆ, "ನಿಮ್ಮನ್ನ ನಂಬಿದ್ದೆ ಬಾಬಾ. ಇನ್ನ ಈ ಕಡೆ ಬರಬ್ಯಾಡ್ರಿ," ಎಂದರು. ಬಾಬಾ ಕೆಂಡದ ಬಟ್ಟಲು ನೆಲಕ್ಕಿಟ್ಟ. "ಅಲ್ಲಾನಾಣೆ, ಒಳಗೆ ಕಾಲಿಟ್ಟಿಲ್ಲ ಬೇಟಿ. ಇವರೇ ಬಾಗಿಲಾಗೆ ಕುಂತಿರ್ತಾರಲ್ಲ, ಕೇಳು." ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಟ್ಟಲಿನ ಕೆಂಡ ನೋಡುತ್ತ ನಿಂತೆ. ಅದೇ ಸಾಕ್ಷಿಯಾಯಿತು.

ಪೆಟ್ಟಿಗೆಗಳನ್ನು ಒಯ್ಯಲು ಬಂದವರು ಹೊರಗಿಂದ ನೋಡಿ ಮೆಚ್ಚಿದರು. ಒಂದನ್ನು ಬಿಟ್ಟು ಉಳಿದವೆಲ್ಲ ಪರೀಕ್ಷೆಯಲ್ಲಿ ಗೆದ್ದಿದ್ದವು. ಮೇಡಂ ಸುಮ್ಮನಿದ್ದಿದ್ದರೆ ಲಾರಿ ಹತ್ತುತ್ತಿದ್ದವು. ಅವರೇ ಬಾಯಿ ಬಿಟ್ಟು ಹೇಳಿದರು: ಹೊಗೆ ತಾಗಿದೆ, ಈಗ ಚೆನ್ನಾಗಿದ್ದರೂ ಮುಂದೆ ಕೆಡಬಹುದು, ಅಲ್ಲಿ ಒಮ್ಮೆ ಜೋಡಿಸಿದ ಮೇಲೆ ಬಿಚ್ಚಲಾಗದು, ತಪ್ಪು ನನ್ನದು. ಬಂದವರು ಬರಿಗೈಲಿ ಹೋದರು. ಕೆಲಸ ಬೇರೆ ಊರಿಗೆ ಹೋಯಿತು. ಪೆಟ್ಟಿಗೆಗಳು ಕಾಲೇಜಿನ ಮೆಟ್ಟಿಲ ಕೆಳಗೆ ಬಿದ್ದವು. ಶೆಡ್ಡಿನ ಕೀಲಿ ಒಪ್ಪಿಸುವ ದಿನ ಮೇಡಂ ನನಗೆ ಪಂಚೆ, ಶಲ್ಯ ಕೊಟ್ಟರು. "ನಿಮ್ಮ ಕೈಗೆ ಏನೂ ಕಳಂಕ ಇಲ್ಲ ಅಣ್ಣಾರೇ," ಎಂದರು.

ಆಮೇಲೆ ಅವರಿಗೆ ಕಿಡ್ನಿ ಕಾಯಿಲೆ ಹಿಡಿಯಿತು. ಹೇಳಿಬಿಡಬೇಕೆಂದೇ ಹರಿಹರದ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಂಚದ ಪಕ್ಕ ಕೂತ ಮೇಲೆ ಅವರೇ ಮೊದಲು ಮಾತಾಡಿದರು.

"ಬಾಬಾಗೆ ಎಲ್ಲರ ಮುಂದೆ ಹಂಗೆ ಅನ್ನಬಾರದಿತ್ತು. ಹೊಗೆ ಹಾಕೋದು ಅವನ ಕೆಲಸ, ಬಾಗಿಲು ಕಾಯೋದು ನನ್ನ ಕೆಲಸ. ಎಲ್ಲ್ಯಾರ ಸಿಕ್ಕಿದ್ರೆ ನನ್ನದು ತಪ್ಪಾತು ಅಂತ ಹೇಳ್ರಿ ಅಣ್ಣಾರೇ. ಹೇಳ್ತೀರಲ್ಲ?"

"ಹೇಳ್ತೀನ್ರಿ ಮೇಡಂ," ಎಂದೆ. ನನ್ನ ಮಾತು ಮತ್ತೆ ಒಳಗೇ ಉಳಿಯಿತು. ಮುಂದಿನ ಸಲ ಹೇಳೋಣವೆಂದು ಎದ್ದು ಬಂದೆ.

ಮುಂದಿನ ಸಲ ಹೋದಾಗ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ, ಹೂ ಮುಡಿಸಿದ್ದರು. ಒಂದು ಕೂದಲೂ ಎದ್ದಿರಲಿಲ್ಲ. "ಎಷ್ಟು ಲಕ್ಷಣ ಕಾಣ್ತಾಳೆ ನೋಡ್ರಿ," ಎಂದು ಯಾರೋ ಅತ್ತರು. ನನಗೆ ಆ ಎಣ್ಣೆ ಒರೆಸಿಬಿಡಬೇಕೆನಿಸಿತು.

ಬಾಬಾ ಕಡರನಾಯಕನಹಳ್ಳಿಯ ಮಗಳ ಮನೆಯಲ್ಲಿದ್ದಾನೆಂದು ತಿಳಿದು ಹುಡುಕಿಕೊಂಡು ಹೋದೆ. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದ. ಮೇಡಂ ಹೇಳಿ ಕಳಿಸಿದ್ದನ್ನು ಹೇಳಿದೆ. "ದೊಡ್ಡ ಮನಸು ಬೇಟೀದು," ಎಂದು ಎರಡೂ ಕೈ ಮೇಲೆತ್ತಿದ. ಆಮೇಲೆ ನನ್ನದನ್ನೂ ಹೇಳಿದೆ, ಆಯುಧ ಪೂಜೆಯಿಂದ ಹಿಡಿದು ಎಲ್ಲ. ಮೇಲೆತ್ತಿದ ಕೈ ನಿಧಾನಕ್ಕೆ ಇಳಿಯಿತು.

"ಇದನ್ನ ಬೇಟಿಗೆ ಹೇಳಿದ್ರೇನು?"

"ಇಲ್ಲ."

"ಹಂಗಾದ್ರೆ ಆಕಿ ನನ್ನ ಕ್ಷಮಿಸಿ ಹೋಗ್ಯಾಳೆ. ನಂಬಿ ಹೋಗಿಲ್ಲ." ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳುವವನಂತೆ ಕೇಳಿದ: "ನನಗೆ ಯಾಕ ಹೇಳಾಕೆ ಬಂದ್ರಿ? ನನಗೆ ಗೊತ್ತೇ ಇತ್ತಲ್ಲ."

ವಾಪಸು ಬರುವಾಗ ಹರಿಹರದಲ್ಲಿ ಇಳಿದು ಹೊಳೆ ದಂಡೆಯಲ್ಲಿ ಕೂತೆ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಏಟು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ನನ್ನ ಸದ್ದು ಬರುವ ಹೊತ್ತಿಗೆ ಕೇಳುವವರು ಈ ದಡದಲ್ಲಿ ಉಳಿದಿಲ್ಲ. ಆದರೂ ಬರೆದಿಡುತ್ತೇನೆ.

ಮೇಡಂ, ಬಾಬಾ ಒಳಗೆ ಬಂದಿರಲಿಲ್ಲ. ಒಂದೇ ದಿನ, ಒಂದೇ ಪೆಟ್ಟಿಗೆ. ಉಳಿದವೆಲ್ಲ ಚೆನ್ನಾಗಿದ್ದವು.