ಹಾರಿಸಿ ಓದಿದ ಪುಟಗಳು

ಮೂಡುಬಿದಿರೆಯಿಂದ ಮಿಜಾರಿಗೆ ಹೋಗುವ ಬೆಳಗಿನ ಬಸ್ಸಿಗೆ ಮೊನ್ನೆ ತೋಡಾರಿನಲ್ಲಿ ಒಬ್ಬರು ಹೆಂಗಸು ಹತ್ತಿದರು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೊರಟವರು ಎಂದು ತಿಳಿಯಲು ಬಟ್ಟೆ ಸರಿಸಬೇಕಾಗಿರಲಿಲ್ಲ; ಹೊಗೆಸೊಪ್ಪಿನ ವಾಸನೆ ಅವರಿಗಿಂತ ಮೊದಲೇ ಸೀಟು ಹಿಡಿದಿತ್ತು. ನನ್ನ ಪಕ್ಕದ ಹುಡುಗಿ ದುಪಟ್ಟವನ್ನು ಮೂಗಿಗೆ ಒತ್ತಿಕೊಂಡಳು. ನಾನು ಮಾತ್ರ ಆಸೆಯಿಂದ ಉಸಿರೆಳೆದುಕೊಂಡೆ. ನಗಬೇಡಿ, ನನ್ನ ಪಾಲಿಗೆ ಅದು ಕನ್ನಡ ಸಾಹಿತ್ಯದ ವಾಸನೆ.

ನಾನು ಬೆಳೆದದ್ದು ಪುಂಜಾಲಕಟ್ಟೆಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಮಧ್ಯಾಹ್ನದ ಊಟ ಮುಗಿಯಿತೆಂದರೆ ನಮ್ಮ ಮನೆಯಲ್ಲಿ ಮೂವರು ಬೀಡಿ ಕಟ್ಟಲು ಕೂರುತ್ತಿದ್ದರು. ಒಬ್ಬರು ನನ್ನ ಅಮ್ಮ. ಇನ್ನೊಬ್ಬರು ಆಚೆ ಮನೆಯ ಐಸಮ್ಮ. ಅವರ ಮಗ ಗಲ್ಫಿಗೆ ಹೋಗಿ ಎರಡು ವರ್ಷವಾಗಿದ್ದರೂ ಅವರು ಬೀಡಿ ಬಿಟ್ಟಿರಲಿಲ್ಲ. ಮೂರನೆಯವರು ಗುಡ್ಡೆಯ ಬದಿಯ ಕಾಲನಿಯ ಸೇಸಿ. ಅಮ್ಮ ಮತ್ತು ಐಸಮ್ಮ ಜಗಲಿಯ ಮೇಲೆ, ಸೇಸಿ ಕೆಳಗಿನ ಮೆಟ್ಟಿಲಲ್ಲಿ. ಮೆಟ್ಟಿಲಲ್ಲಿ ಬೆಳಕು ಚೆನ್ನಾಗಿದೆ, ಅದಕ್ಕೇ ಅಲ್ಲಿ ಕೂರುತ್ತಾರೆ ಎಂದು ನಾನು ನಂಬಿದ್ದೆ. ಈಗ ‘ಕೂರುತ್ತಾರೆ’ ಎಂದು ಮರ್ಯಾದೆಯಿಂದ ಬರೆಯುತ್ತಿದ್ದೇನೆ. ಆಗ ಐಸಮ್ಮನನ್ನು ‘ಐಸಕ್ಕ’ ಎನ್ನುತ್ತಿದ್ದವಳು, ಅಮ್ಮನಿಗಿಂತ ಹಿರಿಯರಾದ ಇವರನ್ನು ಬರಿ ‘ಸೇಸಿ’ ಎನ್ನುತ್ತಿದ್ದೆ. ಅವರು ನನಗೆ, ಹೈಸ್ಕೂಲಿನ ಹುಡುಗಿಗೆ, ‘ನೀವು’ ಎನ್ನುತ್ತಿದ್ದರು.

ರಜೆಯಲ್ಲಿ ನಾನೂ ಬೀಡಿ ಕಟ್ಟಬೇಕಿತ್ತು. ನನ್ನ ಬೀಡಿಗಳೋ, ಒಂದು ಗರ್ಭಿಣಿ, ಇನ್ನೊಂದು ಬಡಕಲು. ಬ್ರಾಂಚಿನವರು ಆರಿಸಿ ಆರಿಸಿ ಬಿಸಾಡುತ್ತಿದ್ದರು. ಕೊನೆಗೆ ಐಸಮ್ಮನೇ ದಾರಿ ಹುಡುಕಿದರು. “ನೀನು ಕಟ್ಟಿದ್ದು ಸಾಕು ಮಗಾ, ಎಲೆ ದಂಡ. ಪುಸ್ತಕ ಓದ್ತೀಯಲ್ಲ, ಅದನ್ನು ಗಟ್ಟಿ ಓದು. ನಿನ್ನ ಪಾಲಿನದ್ದನ್ನು ನಾವು ಕಟ್ತೇವೆ.” ಅಂದಿನಿಂದ ನಾನು ಓದುವವಳು. ಸಂಜೆಗೆ ಮೂವರೂ ತಮ್ಮ ತಮ್ಮ ಮೊರದಂಥ ಗೆರಸೆಯಿಂದ ಒಂದೆರಡು ಕಟ್ಟು ಬೀಡಿ ನನ್ನ ಗೆರಸೆಗೆ ಹಾಕುತ್ತಿದ್ದರು. ಸಾಹಿತ್ಯದಿಂದ ನನಗೆ ಸಿಕ್ಕ ಮೊದಲ ಸಂಪಾದನೆ ಅದು. ಅದರಲ್ಲಿ ಸೇಸಿಯ ಪಾಲೂ ಇತ್ತು.

ಪುಸ್ತಕಗಳನ್ನು ಬಂಟ್ವಾಳದ ಲೈಬ್ರರಿಯಿಂದ ತರುತ್ತಿದ್ದೆ. ನಮ್ಮ ಕನ್ನಡ ಪಂಡಿತರು ಹೆಸರು ಹೇಳುವಾಗಲೇ ಕೈಮುಗಿಯುತ್ತಿದ್ದಂಥ ಹಳೆಯ ದೊಡ್ಡ ಕಾದಂಬರಿಗಳು. ಹೆಸರು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಪುಸ್ತಕ ಕನ್ನಡದ್ದು, ಜಗಲಿ ತುಳುವಿನದ್ದು. ಹಾಗಾಗಿ ನಾಲ್ಕು ಸಾಲು ಓದಿ ಎರಡು ಮಾತು ತುಳುವಿನಲ್ಲಿ ವಿವರಿಸುತ್ತಿದ್ದೆ. ಅವರ ಮಾತೂ ತುಳುವಿನಲ್ಲೇ, ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ. ಪಾತ್ರಕ್ಕೊಂದು ಸ್ವರ ಮಾಡುವುದು ನನ್ನ ದೊಡ್ಡ ಹೆಮ್ಮೆ. ಆ ಬೇಸಗೆಯಲ್ಲಿ ಓದುತ್ತಿದ್ದ ಕಾದಂಬರಿಯಲ್ಲಿ ದೊಡ್ಡ ಮನೆಯೊಂದರ ಅಂಗಳಕ್ಕೆ ಕೆಲಸಕ್ಕೆ ಬರುವ ಹೆಂಗಸೊಬ್ಬಳಿದ್ದಳು. ಅವಳಿಗೆ ಹೆಸರಿಲ್ಲ, ಜಾತಿ ಮಾತ್ರ ಇತ್ತು. ಹೇಳಿದ್ದು ಅರ್ಥವಾಗುವುದಿಲ್ಲ, ಎಂಜಲು ಸಿಕ್ಕರೆ ಹಿಗ್ಗುತ್ತಾಳೆ, ಧನಿ ಗದರಿದರೆ ಹಲ್ಲು ಕಿರಿಯುತ್ತಾಳೆ. ನಾನು ಮೂಗಿನಿಂದ ಎಳೆದೆಳೆದು ಅವಳ ಸ್ವರ ಮಾಡಿದರೆ ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದರು. ಸೇಸಿಯೂ ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ನಕ್ಕರು ಎಂದೇ ನಾನು ತಿಳಿದಿದ್ದೆ.

ಹನ್ನೆರಡನೆಯ ಅಧ್ಯಾಯದಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಅಂಗಡಿಯವನು ಬಂದ. ಬಂದ ಸಾಲಿನಲ್ಲೇ ಅವನ ಕಣ್ಣಿಗೆ ಕಳ್ಳತನ, ಬಾಯಿಗೆ ಸುಳ್ಳು, ಮೈಗೆ ನಾತ. ಅಷ್ಟಕ್ಕೇ ತೃಪ್ತಿಯಾಗದೆ ಲೇಖಕರು ಅವನ ಇಡೀ ಕುಲವನ್ನು ಕಟಕಟೆಗೆ ತಂದು ನಿಲ್ಲಿಸಿದ್ದರು. ಎದುರಿಗೆ ಐಸಮ್ಮ, ನನಗೆ ಜ್ವರ ಬಂದಾಗ ಗಂಜಿ ತಂದು ಕುಡಿಸಿದ ಐಸಮ್ಮ. ಎರಡು ಪುಟ ಒಟ್ಟಿಗೆ ಮಗುಚಿ ಮುಂದಕ್ಕೆ ಹೋದೆ. ಹೋಗುವಾಗ, ಸುಳ್ಳೇಕೆ ಹೇಳಲಿ, ನಾನೆಂಥ ಒಳ್ಳೆಯ ಹುಡುಗಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಐಸಮ್ಮನ ಕತ್ತರಿ ನಿಂತಿತು. “ಎರಡು ಹಾಳೆ ಒಟ್ಟಿಗೆ ಮಗುಚಿದೆಯಲ್ಲ?”

“ಇಲ್ಲ ಐಸಕ್ಕ, ಅಂಟಿಕೊಂಡಿತ್ತು.”

“ಅದರಲ್ಲಿ ನಮ್ಮವರ ಸುದ್ದಿ ಉಂಟು ಅಲ್ವಾ? ನಿನ್ನ ಮುಖವೇ ಹೇಳ್ತದೆ. ಓದು.”

“ಬೇಡ, ಅದು ಚಂದ ಇಲ್ಲ.”

“ನಮ್ಮ ಬಗ್ಗೆ ಎಂತ ಬರೆದದ್ದು ಅಂತ ಊರಿಗೆಲ್ಲ ಗೊತ್ತುಂಟು, ನನಗೊಬ್ಬಳಿಗೆ ಗೊತ್ತಾಗಬಾರದಾ? ಓದು ಮಾರಾಯ್ತಿ.”

ಓದಿದೆ. ಒಂದೊಂದು ಸಾಲೂ ಬಾಯಲ್ಲಿ ಕಲ್ಲು. ಐಸಮ್ಮ ಎಲೆ ಸುರುಟುತ್ತ, ನೂಲು ಸುತ್ತುತ್ತ ಪೂರ್ತಿ ಕೇಳಿದರು. ಮುಗಿದ ಮೇಲೆ ಕೇಳಿದರು, “ಈ ಮಹಾನುಭಾವ ನಮ್ಮಲ್ಲಿ ಯಾರ ಮನೆಯಲ್ಲಾದ್ರೂ ಒಂದು ಲೋಟ ಚಾ ಕುಡಿದಿದ್ದಾನಾ?”

“ಗೊತ್ತಿಲ್ಲ ಐಸಕ್ಕ.”

“ಕುಡಿದಿರ್ಲಿಕ್ಕಿಲ್ಲ. ಕುಡಿದಿದ್ರೆ ಆ ಅಂಗಡಿಯವನ ಹೆಂಗಸರು ಹೀಗೆ, ಅವನ ಮಕ್ಕಳು ಹೀಗೆ ಅಂತ ಒಂದು ಸಾಲಾದ್ರೂ ಬರೀತಿದ್ದ. ಹೊರಗೆ ರಸ್ತೆಯಲ್ಲಿ ನಿಂತು ಬರೆದದ್ದು ಇದು.” ಮತ್ತೆ ನನ್ನ ಕಡೆ ತಿರುಗಿ, “ಇನ್ನು ಬಿಟ್ಟು ಓದಬೇಡ. ಇದನ್ನು ಕೇಳಿ ನಾನು ಕರಗಿ ಹೋಗುವವಳಲ್ಲ,” ಎಂದರು.

ನನಗೆ ಅಳು ಬಂತು. ಅಮ್ಮ ನನ್ನ ಪರ ವಹಿಸಿದರು. “ಅವಳು ಒಳ್ಳೆ ಮನಸ್ಸಿನಿಂದ ಬಿಟ್ಟದ್ದು ಐಸಮ್ಮ. ನಿಮಗೆ ಬೇಜಾರಾಗ್ತದೆ ಅಂತ.”

ಆಗ ಮೆಟ್ಟಿಲಿನಿಂದ ಸೇಸಿಯ ಮಾತು ಕೇಳಿಸಿತು. ತಲೆ ಎತ್ತಿರಲಿಲ್ಲ, ಕೈ ನಿಂತಿರಲಿಲ್ಲ.

“ನಮ್ಮದನ್ನು ಒಂದು ದಿನವೂ ಬಿಡ್ಲಿಲ್ಲ ಅಲ್ವಾ. ಅದು ಬೈಗುಳ ಅಂತ ನಿಮಗೆ ಗೊತ್ತೇ ಆಗ್ಲಿಲ್ಲ ಕಾಣ್ತದೆ.”

ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ. ನಾನು ಮರೆತು ಓದಿದ್ದಲ್ಲ, ಕುಣಿಕುಣಿದು ಓದಿದ್ದೆ. ಸ್ವರ ಮಾಡಿ, ಅವರ ಎದುರೇ, ಅವರು ಕಟ್ಟಿಕೊಟ್ಟ ಬೀಡಿಯನ್ನು ಕೂಲಿಯಾಗಿ ತೆಗೆದುಕೊಂಡು. ಐಸಮ್ಮನೂ ಕಣ್ಣು ಕೆಳಗೆ ಹಾಕಿದರು. ಅವರೂ ನಕ್ಕವರೇ.

ಸೇಸಿ ಎದ್ದರು. ಹೋಗಿಬಿಡುತ್ತಾರೆ, ನಾಳೆಯಿಂದ ಬರುವುದಿಲ್ಲ ಎಂದುಕೊಂಡೆ. ಅವರು ಗೆರಸೆ ಎತ್ತಿಕೊಂಡು, ಮೂರು ಮೆಟ್ಟಿಲು ಹತ್ತಿ, ಜಗಲಿಯ ಮೇಲೆ ಅಮ್ಮನ ಪಕ್ಕದಲ್ಲಿ ಬಂದು ಕೂತರು. ಯಾರೂ ಕರೆದಿರಲಿಲ್ಲ. ಅಮ್ಮ ತಮ್ಮ ಎಲೆಯ ಕಟ್ಟನ್ನು ಈಚೆಗೆ ಎಳೆದುಕೊಂಡರು. ಜಾಗ ಮಾಡಿಕೊಟ್ಟದ್ದೋ, ತಾಗದಿರಲಿ ಎಂದು ಎಳೆದದ್ದೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.

“ಇನ್ನು ಓದಿ,” ಎಂದರು ಸೇಸಿ. “ಆ ಸ್ವರ ಮಾಡಬೇಡಿ. ನಾವು ಯಾರೂ ಹಾಗೆ ಮಾತಾಡುವುದಿಲ್ಲ.”

ಓದಿದೆ. ನನ್ನದೇ ಸ್ವರದಲ್ಲಿ ಓದಿದಾಗ ಆ ಹೆಂಗಸಿನ ಮಾತಿಗೆ ಯಾರಿಗೂ ನಗು ಬರಲಿಲ್ಲ. ಅವಳ ಹೊಟ್ಟೆಯ ಹಸಿವು ಮಾತ್ರ ಕೇಳಿಸಿತು. ಸೇಸಿ ಮತ್ತೆ ಮೆಟ್ಟಿಲಲ್ಲಿ ಕೂರಲಿಲ್ಲ. ನಾನು ಅವರನ್ನು ಸೇಸಕ್ಕ ಎನ್ನಲು ಕಲಿತೆ. ಒಂದೇ ದಿನದಲ್ಲಿ ಅಲ್ಲ, ನಾಲಿಗೆ ಬಹಳ ಹಟ ಮಾಡಿತು.

ಈಗ ನಾನು ಕನ್ನಡ ಪಾಠ ಮಾಡುತ್ತೇನೆ. ಆ ಹಳೆಯ ದೊಡ್ಡವರ ಹೆಸರಿನಿಂದಲೇ ನನ್ನ ಅನ್ನ. ಅವರನ್ನು ಕಪಾಟಿನಿಂದ ಇಳಿಸಬೇಕೆನ್ನುವವಳಲ್ಲ ನಾನು. ಆದರೆ ‘ಆಗಿನ ಕಾಲವೇ ಹಾಗಿತ್ತು’ ಎಂದು ಯಾರಾದರೂ ರಾಗ ಎಳೆದರೆ ಮೈ ಉರಿಯುತ್ತದೆ. ಆ ಕಾಲದಲ್ಲಿ ಐಸಮ್ಮನ ಅಜ್ಜಿ ಇರಲಿಲ್ಲವೇ? ಸೇಸಕ್ಕನ ಅಜ್ಜಿ ಇರಲಿಲ್ಲವೇ? ಕೇಳಿದ್ದರೆ ಅವರೂ ಹೇಳುತ್ತಿದ್ದರು. ಕೇಳಲಿಲ್ಲ, ಅಷ್ಟೇ.

ಮೊನ್ನೆ ಆ ಬಸ್ಸಿಳಿದು ಕಾಲೇಜಿಗೆ ಹೋದರೆ ಹಿರಿಯ ಸಹೋದ್ಯೋಗಿಯೊಬ್ಬರು ಪಠ್ಯಪುಸ್ತಕ ಹಿಡಿದು ಕಾಯುತ್ತಿದ್ದರು. ಅಂಥದೇ ಒಂದು ಹಳೆಯ ಕಥೆ. ನಾಲ್ಕು ಪುಟಗಳಿಗೆ ಅವರು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. “ಮೇಡಂ, ಕ್ಲಾಸಲ್ಲಿ ಎಲ್ಲ ಥರದ ಮಕ್ಕಳು ಉಂಟು. ಇಷ್ಟು ಬಿಟ್ಟು ಮುಂದೆ ಹೋಗುವ. ಯಾಕೆ ಸುಮ್ಮನೆ ರಗಳೆ?” ಒಳ್ಳೆಯ ಮನುಷ್ಯ. ನನ್ನಷ್ಟೇ ಒಳ್ಳೆಯವರು.

“ಬಿಡುವುದಿಲ್ಲ ಸರ್,” ಎಂದೆ. “ಯಾವುದನ್ನು ಬಿಡಬೇಕು ಅಂತ ಆರಿಸುವ ಕಣ್ಣು ನನಗೂ ಇಲ್ಲ, ನಿಮಗೂ ಇಲ್ಲ.”

“ಯಾರಿಗಾದ್ರೂ ಕೋಪ ಬಂದ್ರೆ?”

“ಬರಲಿ ಸರ್. ಬರುವ ಹಾಗೆಯೇ ಬರೆದಿದ್ದಾರಲ್ಲ.”

ತರಗತಿಯಲ್ಲಿ ಮೊದಲಿನಿಂದ ಓದಲು ತೊಡಗಿದೆ. ಗೆರೆ ಎಳೆದ ಪುಟಗಳು ಇನ್ನೂ ದೂರವಿದ್ದವು. ಎರಡನೆಯ ಪುಟದಲ್ಲಿ ಆ ಕಥೆಯ ಮನೆಯ ಔದಾರ್ಯವನ್ನು ವರ್ಣಿಸುವ ಒಂದು ಸಾಲು ಬರುತ್ತದೆ: ಹಿತ್ತಿಲ ಬಾಗಿಲಿಗೆ ಬಂದವರೂ ಆ ಮನೆಯಿಂದ ಹಸಿದು ಹೋಗುತ್ತಿರಲಿಲ್ಲ ಎಂದು. ನನಗೆ ಬಹಳ ಇಷ್ಟವಾದ ಸಾಲು. ಪ್ರತಿ ವರ್ಷ ಎರಡೆರಡು ಸಲ ಓದುತ್ತೇನೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

“ಮೇಡಂ, ಅಲ್ಲಿ ನಿಲ್ಲಿಸಿ.”

ನಿಲ್ಲಿಸಿದೆ. ಆ ಸಾಲನ್ನು ಮತ್ತೊಮ್ಮೆ ನೋಡಿದೆ. ನನಗೆ ಅದರಲ್ಲಿ ಏನೂ ಕಾಣಲಿಲ್ಲ.

“ನನಗೆ ಗೊತ್ತಾಗ್ಲಿಲ್ಲ,” ಎಂದೆ. “ನೀನು ಹೇಳು. ಸ್ಟಾಫ್ ರೂಮಿಗೆ ಕೇಳುವ ಹಾಗೆ ಹೇಳು.”