ಕ್ವೀನ್ಸ್‌ಬರಿಯಲ್ಲಿ ಕಳೆದ ಆಷಾಢ

ನಾನು ಗಂಡನ ಜೊತೆ ಸಂಸಾರ ಮಾಡುತ್ತಿದ್ದೇನೆ ಅನ್ನುವುದಕ್ಕೆ ಪುರಾವೆ ಸಾಲದು ಎಂದು ಸರ್ಕಾರದಿಂದ ಇ-ಮೇಲ್ ಬಂದಾಗ ನಾನು ಅವರ ಅಂಗಿಗೇ ಇಸ್ತ್ರಿ ಹಾಕುತ್ತಿದ್ದೆ. ಓದಿ ಮೈಯೆಲ್ಲ ಉರಿದುಹೋಯಿತು. ಇಂಗ್ಲಿಷರ ಮರ್ಯಾದೆ ಕೇಳಬೇಕೆ, ದಯವಿಟ್ಟು ಎಂದು ಶುರುಮಾಡಿ ಧನ್ಯವಾದ ಎಂದು ಮುಗಿಸಿದ್ದರು. ನಡುವೆ ಇದ್ದದ್ದು ಇಷ್ಟು: ನೀವಿಬ್ಬರೂ ಒಂದೇ ವಿಳಾಸದಲ್ಲಿ ವಾಸವಿರುವುದು ನಿಮ್ಮ ಕಾಗದಪತ್ರಗಳಿಂದ ಕಾಣುತ್ತಿಲ್ಲ, ಹೆಚ್ಚಿನ ಪುರಾವೆ ಒದಗಿಸಿ, ಗಡುವಿನೊಳಗೆ ಬಾರದಿದ್ದರೆ ಇರುವುದನ್ನೇ ನೋಡಿ ತೀರ್ಮಾನಿಸುತ್ತೇವೆ. ಅವರ ತೀರ್ಮಾನ ಏನಿರಬಹುದೆಂದು ಊಹಿಸಲು ಪಂಡಿತರೇನೂ ಬೇಕಾಗಿರಲಿಲ್ಲ. ಹೆಂಡತಿ ಎಂದು ಕೊಟ್ಟ ವೀಸಾ ಮುಂದುವರಿಯದಿದ್ದರೆ ನಾನು ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಹೊರಡಬೇಕು, ನನ್ನ ಗಂಡ ಲಂಡನ್ನಿನ ಕೆಂಟನ್ನಿನಲ್ಲಿರುವ ಮನೆಯಲ್ಲಿ ಒಬ್ಬರೇ ಇರಬೇಕು.

ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಬೈದೆ. ಆದರೆ ಅವರು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಕಾಗದದ ಮೇಲೆ ನನ್ನ ಗಂಡ ಇದ್ದದ್ದು ಕೆಂಟನ್ನಿನಲ್ಲಿ, ನಾನು ಇದ್ದದ್ದು ಅದರ ಪಕ್ಕದ ಬಡಾವಣೆ ಕ್ವೀನ್ಸ್‌ಬರಿಯಲ್ಲಿ. ಅದಕ್ಕೆಲ್ಲ ಕಾರಣ ಆಷಾಢ.

ನಮ್ಮ ಮದುವೆ ಮಾಘದಲ್ಲಾಯಿತು. ಇವರು ಲಂಡನ್ನಿಗೆ ವಾಪಸು ಬಂದರು, ನಾನು ವೀಸಾಕ್ಕೆ ಕಾದು ಕೂತೆ. ವೀಸಾ ಬಂದ ಕೂಡಲೇ ಇವರು ಪಂಚಾಂಗ ನೋಡದೆ ಟಿಕೆಟ್ ತೆಗೆಸಿದರು. ಪಂಚಾಂಗ ನೋಡುವವರು ಆಗಲೇ ಕೆಂಟನ್ನಿನಲ್ಲಿದ್ದರು. ಮಗನ ಹೊಸ ಸಂಸಾರಕ್ಕೆ ಮನೆ ಅಣಿಮಾಡಿಕೊಡಲೆಂದು ಅತ್ತೆ ಬಂದು ಇಳಿದಿದ್ದರು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಹೊಸ ಸೊಸೆ ತವರಿನಲ್ಲಿರಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಟಿಕೆಟ್ ಬದಲಾಯಿಸಲು ಆಗುವುದಿಲ್ಲ ಎಂದು ಮಗ ಹೇಳಿದಾಗ, ಹಾಗಾದರೆ ಇಳಿಯುವ ಮನೆ ಬದಲಾಯಿಸು ಎಂದರಂತೆ. ನನ್ನ ತಾಯಿಯ ತಂಗಿ, ನನ್ನ ಚಿಕ್ಕಮ್ಮ, ಕ್ವೀನ್ಸ್‌ಬರಿಯಲ್ಲಿದ್ದರು. ಅದನ್ನೇ ನನ್ನ ತವರು ಮಾಡಿದರು.

ನನಗೆ ಇದು ತಿಳಿದದ್ದು ಏರ್‌ಪೋರ್ಟಿನಿಂದ ಹೊರಟ ಮೇಲೆ, ಕಾರಿನಲ್ಲಿ.

"ಒಂದ್ ತಿಂಗಳು ಚಿಕ್ಕಮ್ಮನ ಮನೇಲಿರು. ಆಷಾಢ ಅಲ್ವಾ," ಎಂದರು ಇವರು, ರಸ್ತೆಯಿಂದ ಕಣ್ಣು ತೆಗೆಯದೆ.

"ಲಂಡನ್ನಲ್ಲೂ ಆಷಾಢನಾ?"

"ಅಮ್ಮ ಇಲ್ಲಿದಾರಲ್ಲ."

ಹೊಸ ಹೆಂಡತಿ, ಹೊಸ ದೇಶ, ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಈಗಾಗಿದ್ದರೆ ಅಲ್ಲೇ ಕಾರು ನಿಲ್ಲಿಸುತ್ತಿದ್ದೆ.

ಕೆಂಟನ್ನಿನಿಂದ ಕ್ವೀನ್ಸ್‌ಬರಿಗೆ ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಬಂದುಬಿಡಬಹುದು. ಇವರು ಬರುತ್ತಿದ್ದದ್ದು ಭಾನುವಾರ ಮಾತ್ರ. ಅಷ್ಟಕ್ಕೇ ಅಮ್ಮನ ಅಪ್ಪಣೆ. ಬಂದು ಊಟ ಮಾಡಿ, ಚಿಕ್ಕಪ್ಪನ ಜೊತೆ ಸೋಫಾದಲ್ಲಿ ಕೂತು ಮನೆ ಸಾಲದ ಬಡ್ಡಿಯ ಬಗ್ಗೆ ಮಾತಾಡಿ, ನನ್ನ ಕಡೆ ನೋಡಿ "ಬರ್ತೀನಿ" ಎಂದು ಹೊರಟುಬಿಡುತ್ತಿದ್ದರು. ಏಳು ಸಮುದ್ರ ದಾಟಿ ಬಂದವಳಿಗೆ ಸಿಕ್ಕ ಗಂಡ ಅಷ್ಟೇ. ಆ ತಿಂಗಳ ಸಿಟ್ಟು ನನಗೆ ಇನ್ನೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಸುಮ್ಮನೆ ಕೂರುವವಳಲ್ಲ ನಾನು. ಆ ತಿಂಗಳಲ್ಲೇ ಚಿಕ್ಕಮ್ಮ ನನ್ನನ್ನು ಕರೆದುಕೊಂಡು ಓಡಾಡಿ ಜಿಪಿ ಡಾಕ್ಟರ ಹತ್ತಿರ ಹೆಸರು ಬರೆಸಿದರು, ಬ್ಯಾಂಕ್ ಖಾತೆ ತೆಗೆಸಿದರು, ಫೋನ್ ಕೊಡಿಸಿದರು. ಎಲ್ಲದಕ್ಕೂ ಕೊಟ್ಟದ್ದು ಅವರ ಮನೆಯ ವಿಳಾಸ. ಶ್ರಾವಣದಲ್ಲಿ ನಾನು ಕೆಂಟನ್ನಿಗೆ ಹೋದೆ, ನನ್ನ ವಿಳಾಸ ಹೋಗಲಿಲ್ಲ. ಆಮೇಲೆ ಕೆಲಸ ಸಿಕ್ಕಿತು, ಕೆಲಸ ಕೊಟ್ಟವರು ಬ್ಯಾಂಕಿನ ಕಾಗದ ಕೇಳಿದರು, ಅಲ್ಲೂ ಕ್ವೀನ್ಸ್‌ಬರಿಯೇ ಸೇರಿತು. ಕೆಂಟನ್ನಿನ ಕೌನ್ಸಿಲ್ ಟ್ಯಾಕ್ಸು, ಗ್ಯಾಸು, ನೀರು ಎಲ್ಲ ಇವರೊಬ್ಬರ ಹೆಸರಿನಲ್ಲಿ. "ನನ್ನ ಹೆಸರೂ ಸೇರಿಸ್ರೀ" ಎಂದಾಗಲೆಲ್ಲ "ಆಮೇಲೆ ಮಾಡ್ಸೋಣ, ಈಗೇನವಸರ" ಎನ್ನುತ್ತಿದ್ದರು. ಚಿಕ್ಕಮ್ಮನಿಗೂ ಇದು ಒಳ್ಳೆಯದೇ ಆಗಿತ್ತು. ನನ್ನ ಟಪಾಲಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟು, "ಇದ್ರ ನೆಪದಲ್ಲಾದ್ರೂ ಬರ್ತೀಯಲ್ಲ ಕಣೇ" ಎಂದು ಜೊತೆಗೆ ಒಂದು ಡಬ್ಬಿ ಹುಳಿ ಕೊಟ್ಟು ಕಳಿಸುತ್ತಿದ್ದರು.

ಇ-ಮೇಲ್ ಬಂದ ಮೇಲೆ ಇವರು ಎದ್ದುಬಿದ್ದು ಎಲ್ಲ ಬಿಲ್ಲುಗಳಿಗೂ ನನ್ನ ಹೆಸರು ಸೇರಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ.

ರೇನರ್ಸ್ ಲೇನ್‌ನಲ್ಲಿ ಒಂದು ದಿನಸಿ ಅಂಗಡಿಯ ಮೇಲೆ ಗುಜರಾತಿ ವಕೀಲೆಯೊಬ್ಬರ ಆಫೀಸಿತ್ತು. ಅವರು ನಮ್ಮ ಕಾಗದಗಳನ್ನು ಮೇಜಿನ ಮೇಲೆ ಎರಡು ರಾಶಿ ಮಾಡಿದರು, ಇವರದೊಂದು, ನನ್ನದೊಂದು. "ಇದನ್ನು ನೋಡಿದರೆ ನೀವು ನಿಮ್ಮ ಚಿಕ್ಕಮ್ಮನ ಮನೆಯ ಬಾಡಿಗೆದಾರರು," ಎಂದರು ಇಂಗ್ಲಿಷಿನಲ್ಲಿ. ಫೋನಿನ ಮೆಸೇಜು ಕೇಳಿದರು. ತೋರಿಸಿದೆವು. "ಹಾಲು ತನ್ನಿ." "ಸರಿ." "ಕೊತ್ತಂಬರಿ ಸೊಪ್ಪು." "ಸಿಗ್ಲಿಲ್ಲ." ಫೋಟೊ ಕೇಳಿದರು. ಎಷ್ಟೋ ಇದ್ದವು, ಎಲ್ಲದರಲ್ಲೂ ಈ ಕಡೆ ಇವರು, ಆ ಕಡೆ ನಾನು, ನಡುವೆ ರೇಷ್ಮೆ ಸೀರೆ ಉಟ್ಟು ನಿಂತ ಅತ್ತೆ.

"ಯಾರು ಈ ಹೆಂಗಸು?"

"ನಮ್ಮತ್ತೆ," ಎಂದು ಆಷಾಢದ ಕಥೆಯನ್ನೂ ಹೇಳಿದೆ.

"ಎಲ್ಲ ಕಡೆ ಇದ್ದಾರಲ್ಲ. ಹಾಗಾದರೆ ಅವರೇ ಸಾಕ್ಷಿ. ಯಾಕೆ ಬೇರೆ ಇಟ್ಟರು, ಯಾವಾಗ ಕರೆದುಕೊಂಡರು, ಅವರ ಕೈಯಲ್ಲೇ ಬರೆಸಿ ತನ್ನಿ."

ಅತ್ತೆ ಆಗ ಎರಡನೇ ಸಲ ಬಂದು ನಮ್ಮ ಮನೆಯಲ್ಲೇ ಇದ್ದರು. ನಾವು ಹೋದಾಗ ಚಟ್ನಿಪುಡಿಗೆ ಕೊಬ್ಬರಿ ತುರಿಯುತ್ತಿದ್ದರು. ಇವರು ಮೆತ್ತಗೆ ವಿಷಯ ತೆಗೆದರು.

"ಆಷಾಢ ಅಂದ್ರೆ ಏನು ಅಂತ ಈ ಬಿಳಿಯರಿಗೆ ನಾನು ವಿವರಿಸ್ಬೇಕಾ? ಓದಿ ನಗಲ್ವಾ?" ಎಂದರು ಅತ್ತೆ. "ನಾನೊಂದು ಅಕ್ಷರ ಬರ್ಯಲ್ಲ. ಆ ತಿಂಗಳು ನೀನು ದಿನಾ ಹೋಗ್ ಬರ್ತಿದ್ದೆ ಅಂತ ನೀನೇ ಬರ್ಕೋ."

"ಹಾಗೆ ಬರೆದ್ರೆ ಸುಳ್ಳಾಗುತ್ತೆ ಅತ್ತೆ," ಎಂದೆ. "ಇವರು ಬರ್ಲಿಲ್ಲ. ನೀವು ಬಿಡ್ಲಿಲ್ಲ."

"ನಾನೇನು ನಿನ್ನ ಬೀದಿಗೆ ಹಾಕಿದ್ನಾ? ನಿನ್ನ ಚಿಕ್ಕಮ್ಮನ ಮನೆ ತಾನೇ?"

"ಬೀದೀನೇ ವಾಸಿಯಿತ್ತು! ಗಂಡನ ಮನೆ ಬಾಗಿಲು ನೋಡೋಕೆ ಬಂದವಳನ್ನ ಹೊಸಿಲಾಚೆ ನಿಲ್ಲಿಸಿದ್ರಿ. ಈಗ ಸರ್ಕಾರ ನನ್ನ ದೇಶದಿಂದಾನೇ ಆಚೆ ಹಾಕುತ್ತೆ. ಪೂರ್ತಿ ಶಾಸ್ತ್ರ ಆಯ್ತು ಬಿಡಿ, ಈ ಸಲ ಶ್ರಾವಣಾನೂ ಬರಲ್ಲ!"

"ಇಬ್ರೂ ಸ್ವಲ್ಪ ಸುಮ್ನಿರಿ," ಎಂದರು ಇವರು.

"ನೀವು ಸುಮ್ನಿದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು!" ಎಂದು ಅವರ ಮೇಲೂ ತಿರುಗಿಬಿದ್ದೆ. ಅವರೂ ಬಿಡಲಿಲ್ಲ. ಎಂದೂ ಕೂಗದವರು ಅವತ್ತು ಕೂಗಿದರು. ಅಡ್ರೆಸ್ ಬದಲಾಯಿಸಲು ನನಗೇನು ಕೈಯಿರಲಿಲ್ಲವಾ ಎಂದರು. ಪಕ್ಕದ ಮನೆಯವರು ಗೋಡೆ ತಟ್ಟಿದರು. ಅತ್ತೆ ಕೊಬ್ಬರಿ ತಟ್ಟೆ ಸರಿಸಿ, ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದರು. ನಾನು ಅಳುತ್ತ ಮಹಡಿ ಹತ್ತಿ ಬಾಗಿಲು ಹಾಕಿಕೊಂಡೆ. ಅವತ್ತು ಆ ಮನೆಯಲ್ಲಿ ಯಾರ ಮುಖವೂ ನನಗೆ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಲೋಟದ ಪಕ್ಕ ಒಂದು ಹಾಳೆ ಇತ್ತು. ಅತ್ತೆಯ ದುಂಡು ಅಕ್ಷರ. ಅವರು ಕನ್ನಡಕ ಒರೆಸುತ್ತ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಓದಿದೆ.

"ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದು ಮನೆಯಲ್ಲಿ ಇರಬಾರದೆಂಬುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಆದ್ದರಿಂದ ನಾನೇ ಅವಳನ್ನು ಬೇರೆ ಇಡಿಸಿದೆ. ನನ್ನ ಮಗ ನನ್ನ ಮಾತು ಮೀರಲಿಲ್ಲ. ಮೀರಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ. ಆಷಾಢ ಕಳೆದ ಮೇಲೆ ನಾನೇ ಆರತಿ ಎತ್ತಿ ಅವಳನ್ನು ಒಳಗೆ ಕರೆದುಕೊಂಡೆ. ಅಲ್ಲಿಂದ ಅವಳು ಈ ಮನೆಯಲ್ಲೇ ಇದ್ದಾಳೆ. ಇಬ್ಬರೂ ನನ್ನ ಎದುರಿಗೇ ಜಗಳವಾಡುತ್ತಾರೆ. ಗಂಡ ಹೆಂಡತಿ ಅಲ್ಲದವರು ಹಾಗೆ ಜಗಳವಾಡುವುದಿಲ್ಲ. ಅವಳು ನನಗೂ ಎದುರುತ್ತರ ಕೊಡುತ್ತಾಳೆ. ಬಾಡಿಗೆಗೆ ಇರುವವರು ಯಾರೂ ಹಾಗೆ ಮಾತಾಡುವುದಿಲ್ಲ. ಈ ಮನೆಯವಳಾದ್ದರಿಂದ ಮಾತಾಡುತ್ತಾಳೆ."

ಇನ್ನೊಂದು ಸಲ ಓದಿದೆ. ಓದಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಎದುರುತ್ತರ ಅಂತ ಬರೆದಿದೀರಲ್ಲ," ಎಂದೆ.

"ಕೊಡಲ್ವಾ?" ಎಂದರು, ತಿರುಗದೆ.

ವಕೀಲೆ ಅನುವಾದ ಓದಿ ಜೋರಾಗಿ ನಕ್ಕರು. ಒಂದು ಪದ ತೆಗೆಯಬೇಡಿ ಎಂದರು. ಚಿಕ್ಕಮ್ಮನ ಪತ್ರ, ಕೋಟೆ ಬಾಗಿಲು ಹಾಕಿದ ಬಿಲ್ಲುಗಳು, ಅತ್ತೆ ನಡುವೆ ನಿಂತ ಫೋಟೊಗಳು, ಎಲ್ಲ ಸೇರಿಸಿ ಗಡುವಿನೊಳಗೆ ಕಳಿಸಿದರು. ಆಮೇಲಿನ ಕಾಯುವಿಕೆ ಶತ್ರುವಿಗೂ ಬೇಡ. ಫೋನು ಕಿಣಿ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಅತ್ತೆ ಊರಿಗೆ ಹೋದ ಮೇಲೆ ವೀಸಾ ಬಂತು. ದಯವಿಟ್ಟು, ಧನ್ಯವಾದ, ಅಷ್ಟೇ. ತಡವಾಯಿತು ಎಂದಾಗಲಿ, ತೊಂದರೆಯಾಯಿತು ಎಂದಾಗಲಿ ಒಂದು ಮಾತಿಲ್ಲ. ನಾನು ಅವರಿಗೆ ಧನ್ಯವಾದ ಹೇಳಲಿಲ್ಲ.

ಮುಂದಿನ ಬೇಸಿಗೆಗೆ ಅತ್ತೆ ಮತ್ತೆ ಬರಬೇಕೆಂದರು. ಅವರ ಸಂದರ್ಶಕ ವೀಸಾಕ್ಕೆ ಈ ಮನೆಯಿಂದ ಆಹ್ವಾನದ ಪತ್ರ ಬೇಕಿತ್ತು, ಬಂದಾಗ ಅತ್ತೆ ನಮ್ಮ ಮನೆಯಲ್ಲೇ ಇರುತ್ತಾರೆ ಎಂದು. ಮನೆಯ ಎಲ್ಲ ಬಿಲ್ಲಿನಲ್ಲೂ ಈಗ ನನ್ನ ಹೆಸರಿತ್ತಲ್ಲ, ನನ್ನ ಸಹಿಯೂ ಇರಲಿ ಎಂದು ಇವರು ಹಾಳೆ ತಂದಿಟ್ಟರು. ಅತ್ತೆ ವಿಡಿಯೊ ಕರೆಯಲ್ಲಿ ಕಾಯುತ್ತಿದ್ದರು. ಪೆನ್ನು ತೆಗೆದುಕೊಂಡೆ. ಬರುವ ತಾರೀಕು ನೋಡಿದೆ. ಗೋಡೆಯ ಮೇಲಿದ್ದ ಕನ್ನಡ ಕ್ಯಾಲೆಂಡರನ್ನೂ ನೋಡಿದೆ. ಪೆನ್ನಿನ ಮುಚ್ಚಳ ಹಾಕಿದೆ.

"ಆಷಾಢ ಅತ್ತೆ," ಎಂದೆ. "ಕಳೀಲಿ. ಆಮೇಲೆ ಬನ್ನಿ."

"ಅದು ಮೊದಲನೇ ವರ್ಷಕ್ಕೆ ಮಾತ್ರ ಕಣೇ," ಎಂದು ಇವರು ಪಿಸುಗುಟ್ಟಿದರು. ನನಗೇನು ಗೊತ್ತಿರಲಿಲ್ಲವೇ.

ಪರದೆಯ ಮೇಲೆ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಮಗನಿಗೆ ಹೇಳಿದರು:

"ಶ್ರಾವಣಕ್ಕೇ ಟಿಕೆಟ್ ತೆಗ್ಸೋ. ನೋಡಿದ್ಯಾ, ನಾನು ಸರ್ಕಾರಕ್ಕೆ ಬರ್ಕೊಟ್ಟಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ."