ಸಿಂಹಕ್ಕೆ ಹಚ್ಚಿದ ವಿಭೂತಿ

ತೊಂಬತ್ತರ ದಶಕದ ಮಾತು. ನನ್ನ ತವರೂರು ಕಮಲಾಪುರದ ಸಂತೆಯಿಂದ ಒಂದು ನೀತಿಪಟ ತಂದಿದ್ದೆ. ಬಾವಿಯ ನೀರಿನಲ್ಲಿ ತನ್ನ ನೆರಳಿಗೇ ಗುರುಗುಟ್ಟುವ ಸಿಂಹ, ಪಕ್ಕದಲ್ಲಿ ನಗುವ ಮೊಲ, ಕೆಳಗೆ ದಪ್ಪಕ್ಷರದಲ್ಲಿ ಕಥೆ. ಎರಡನೆಯ ತರಗತಿಯ ಮಗಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಮಂಗಳವಾರ ಓದಿ ತೋರಿಸದಿದ್ದರೆ ಅದೇ ತರಗತಿಯಲ್ಲಿ ಉಳಿಸುತ್ತೇವೆ ಎಂದು ಟೀಚರು ಹೇಳಿದ್ದರು. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಪಟವನ್ನು ಅವಳ ಕಣ್ಣಿಗೆ ಬೀಳುವಂತೆ ತೂಗುಹಾಕಿದೆ.

ಗೋಡೆಗೆ ತೂಗುಹಾಕಿದ್ದೆಲ್ಲ ನಮ್ಮ ಅತ್ತೆಗೆ ದೇವರೇ. ಸೋಮವಾರ ಬೆಳಿಗ್ಗೆ ದೇವರ ಪಟಗಳ ಜೊತೆಗೆ ಸಿಂಹದ ಹಣೆಗೂ ಹಸಿ ವಿಭೂತಿ ಎಳೆದರು. ಅದು ಸೋರಿ ಕಥೆಯ ಮೇಲೆಲ್ಲ ಇಳಿದಿತ್ತು.

"ಅತ್ತೀ, ಇದು ದೇವರ ಫೋಟೋ ಅಲ್ರೀ. ಈ ಸಿಂಹ ದಡ್ಡ ಅದರೀ, ಬಾವ್ಯಾಗ ಬಿದ್ದು ಸಾಯ್ತದ."

"ದೇವಿ ಕೂಡೋ ಸಿಂಹಕ್ಕ ದಡ್ಡ ಅಂತೀಯೇನ? ಮೊದಲ ಬಾಯಿ ತೊಳಕೋ ಹೋಗು."

ಬಾಯಿ ತೊಳೆಯಲಿಲ್ಲ, ಪಟ ಒರೆಸಿದೆ. ವಿಭೂತಿಯ ಜೊತೆ ಅಗ್ಗದ ಮಸಿಯೂ ಬಟ್ಟೆಗೆ ಬಂತು.

ಸಂಜೆ ಮಗಳನ್ನು ಕೂರಿಸಿದೆ. ಅವಳು ಸಿಂಹಕ್ಕೆ ಕೈ ಮುಗಿದಳು. "ಓದು ಅಂದೀನಿ!" ಎಂದು ಗದರಿದೆ. ಬೆರಳಿಟ್ಟು ನಿಧಾನಕ್ಕೆ, "ಒಂದು ಕಾಡಿನಲ್ಲಿ ಒಂದು..." ಎಂದು ಕೂಡಿಸಿಯೇ ಓದಿಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಮುಂದ ಅಕ್ಷರಾನೇ ಇಲ್ಲಲ್ಲವ್ವ."

ಪಟ ತಿರುಗಿಸಿ ಹಿಂದಿನ ಬಿಳಿ ಬದಿಯ ಮೇಲೆ ಕಥೆಯನ್ನು ನಾನೇ ಬರೆದು, ಬರಹ ಕಾಣುವಂತೆ ಮತ್ತೆ ಗೋಡೆಗೆ ತೂಗುಹಾಕಿದೆ. ಮಗಳು ಓದತೊಡಗುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು.

"ಅಯ್ಯ ಶಿವನೇ, ದೇವರ ಮಾರಿ ಗ್ವಾಡಿಗಿ ಮಾಡ್ಯಾಳಲ್ಲ ಈಕಿ!"